ಛಾಯಾಗ್ರಾಹಕನ ಹೊರೆ

ಕ್ಯಾಮರಾ ಕೊಳ್ಳಹೊರಟ ತರುಣರು ಮೊಟ್ಟಮೊದಲು ಕೇಳುವ ಪ್ರಶ್ನೆಯು ಒಂದೇ: ಯಾವ ಕ್ಯಾಮರಾ ಒಳ್ಳೆಯದು? ಅಂಗಡಿಯವನು ಇದಕ್ಕೆ ಬೆಲೆಯ ಪಟ್ಟಿಯಿಂದ ಉತ್ತರ ಕೊಡುವನು. ಮಿತ್ರರು ತಾವು ಕೊಂಡುದನ್ನೇ ಹೊಗಳುವರು. ಯಾವ ಕೆಲಸಕ್ಕಾಗಿ ಎಂದು ಮರಳಿ ಕೇಳುವವರು ವಿರಳ. ಮದುವೆಮನೆಯ ಪಟಗಳ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಲೋಕದಲ್ಲಿ ನಡೆಯುತ್ತಿರುವುದನ್ನು ಕಂಡಂತೆ ದಾಖಲೆ ಮಾಡಿಡಬೇಕೆಂದು ಊರೂರು ಅಲೆದ ಕೆಲವು ಮಂದಿ ಛಾಯಾಗ್ರಾಹಕರ ಚೀಲವನ್ನು ಈ ತಿಂಗಳು ಬಿಚ್ಚಿ ನೋಡೋಣವೆಂದು ಯೋಚಿಸಿದ್ದೇವೆ. ಅದರೊಳಗೆ ಏನಿದ್ದಿತು, ಅದನ್ನೇ ಏತಕ್ಕೆ ಆರಿಸಿಕೊಂಡರು, ಹೊರೆಯನ್ನು ಹೊತ್ತು ದಣಿದಾಗ ಯಾವುದು ಕೈಬಿಟ್ಟುಹೋಯಿತು ಎಂಬುದೇ ನಮ್ಮ ವಿಚಾರ.

ಕ್ರಿಯೆಯು ಸಿದ್ಧಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸಾಧಕವಾದ ವಸ್ತುವನ್ನು ನಮ್ಮ ವೈಯಾಕರಣರು ಕರಣವೆಂದು ಕರೆದಿದ್ದಾರೆ. ಮರವನ್ನು ಕಡಿಯುವವನು ಕರ್ತೃ, ಕೊಡಲಿಯು ಕರಣ. ಆದರೆ ಹೇಳುವವನ ವಿವಕ್ಷೆಯಿದ್ದರೆ ಕರಣವನ್ನೇ ಕರ್ತೃವಿನ ಪೀಠದಲ್ಲಿ ಕೂರಿಸಿ, ಕೊಡಲಿಯು ಚೆನ್ನಾಗಿ ಕಡಿಯುತ್ತದೆ ಎನ್ನುವುದಕ್ಕೂ ಅವರ ಅನುಮತಿಯುಂಟು. ಈ ಕ್ಯಾಮರಾ ಚೆನ್ನಾಗಿ ಪಟ ತೆಗೆಯುತ್ತದೆ ಎಂದು ಜನರಾಡುವ ಮಾತು ಈ ಜಾತಿಗೆ ಸೇರಿದುದು. ಅದನ್ನು ಕೇಳಿ ಛಾಯಾಗ್ರಾಹಕರು ಸಿಡಿಮಿಡಿಗೊಳ್ಳುವರು. ಆದರೂ ಅದು ಪೂರ್ತಿ ಸುಳ್ಳಲ್ಲ. ಕೈಯಲ್ಲಿರುವ ಕರಣವು ಕರ್ತೃವಿನ ನಡಿಗೆಯನ್ನೂ ನೋಟವನ್ನೂ ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ.

ಹಳೆಯದರಿಂದಲೇ ತೊಡಗೋಣ. ೧೮೫೫ರಲ್ಲಿ ಕ್ರಿಮಿಯಾ ಯುದ್ಧದ ಪಟಗಳನ್ನು ತರುವುದಕ್ಕೆಂದು ಇಂಗ್ಲೆಂಡಿನಿಂದ ಹೊರಟ ರೋಜರ್ ಫೆಂಟನ್ನನ ಸಾಮಾನುಗಳು ೩೬ ಪೆಟ್ಟಿಗೆಗಳನ್ನು ತುಂಬಿದ್ದುವು. ಕ್ಯಾಮರಾಗಳು ಐದು, ಗಾಜಿನ ಫಲಕಗಳು ೭೦೦. ಇವಲ್ಲದೆ ದ್ರಾಕ್ಷಾಮದ್ಯದ ವ್ಯಾಪಾರಿಯೊಬ್ಬನದಾಗಿದ್ದ ಬಂಡಿಯನ್ನು ಕೊಂಡು ಅದನ್ನು ಕತ್ತಲೆಕೋಣೆಯಾಗಿ ಮಾರ್ಪಡಿಸಿಕೊಂಡಿದ್ದನು. ಇಷ್ಟೊಂದು ಸಂಭ್ರಮವೇತಕ್ಕೆಂದರೆ, ಅಂದಿನ ಕ್ರಮವೇ ಅಂತಹುದು. ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಮೇಲೆ ಸಮನಾಗಿ ಹರಿಯಿಸಿ, ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಬೆಳಕು ತೋರಿಸಿ, ಆರುವುದರೊಳಗಾಗಿ ಮತ್ತೆ ಕತ್ತಲೆಗೆ ಒಯ್ದು ಬಿಂಬವನ್ನು ಮೂಡಿಸಬೇಕು. ಕಾವಲಿಯ ಮೇಲೆ ದೋಸೆ ಹುಯ್ಯುವ ಗೃಹಿಣಿಯರು ಈ ಹದದ ಕಷ್ಟವನ್ನು ನಮಗಿಂತ ಚೆನ್ನಾಗಿ ಬಲ್ಲರು. ಬೇಸಗೆಯ ಬಿಸಿಲೇರಿದ ಮೇಲೆ ಬಂಡಿಯೊಳಗೆ ಉಸಿರಾಡುವಂತಿರಲಿಲ್ಲ. ದ್ರವವು ಹರಡುತ್ತಿದ್ದಂತೆಯೇ ಒಣಗುತ್ತಿದ್ದಿತು. ಬೆಳಗಿನ ಕೆಲವು ಗಂಟೆಗಳಲ್ಲಿ ಆದಷ್ಟೇ ಕೆಲಸ. ಸಾಲದುದಕ್ಕೆ ಆ ತಿಳಿಬಣ್ಣದ ಬಂಡಿಯು ದೂರದಿಂದಲೇ ಕಾಣುತ್ತಿದ್ದುದರಿಂದ ರಷ್ಯನರ ಫಿರಂಗಿಗಳಿಗೆ ಗುರಿಯೂ ಆಗುತ್ತಿದ್ದಿತು.

ಇಷ್ಟು ಪಾಡುಪಟ್ಟು ಆತನು ತಂದ ಸುಮಾರು ೩೬೦ ಪಟಗಳಲ್ಲಿ ಯುದ್ಧವೇ ಇಲ್ಲ! ಡೇರೆಯ ಮುಂದೆ ನಿಂತ ಅಧಿಕಾರಿಗಳಿದ್ದಾರೆ, ಹಡಗುಗಳು ತುಂಬಿದ ಬಂದರಿದೆ, ಫಿರಂಗಿಯ ಗುಂಡುಗಳು ಚೆಲ್ಲಾಡಿದ ಒಂದು ಬರಿದಾದ ಕಣಿವೆಯಿದೆ. ಪಟವೊಂದಕ್ಕೆ ಹಲವು ಸೆಕೆಂಡುಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ ಓಡುವ ಕುದುರೆಯಾಗಲಿ ಬೀಳುವ ಸಿಪಾಯಿಯಾಗಲಿ ಆ ಗಾಜಿನ ಮೇಲೆ ನಿಲ್ಲುವಂತಿರಲಿಲ್ಲ. ಕೊಳ್ಳುವವರ ಮನಸ್ಸನ್ನು ನೋಯಿಸಬಾರದೆಂಬ ಎಣಿಕೆಯೂ ಇದಕ್ಕೆ ಸೇರಿದ್ದಿರಬಹುದು. ಇದಕ್ಕೆ ಕೆಲವೇ ತಿಂಗಳು ಹಿಂದೆ, ೧೮೫೪ರ ಡಿಸೆಂಬರಿನಲ್ಲಿ, ನಮ್ಮ ಬೇಲೂರು ಹಳೆಬೀಡುಗಳ ಪಟಗಳನ್ನು ತೆಗೆದ ಲಿನ್ನಿಯಸ್ ಟ್ರೈಪನು ಗಾಜನ್ನು ಬಿಟ್ಟು ಕಾಗದದ ನೆಗೆಟಿವುಗಳನ್ನೇ ನೆಚ್ಚಿದನು. ಕಾಗದವನ್ನು ಮುಂಚಿತವಾಗಿ ಸಿದ್ಧಮಾಡಿಟ್ಟುಕೊಳ್ಳಬಹುದು, ಒಡೆಯುವ ಭಯವಿಲ್ಲ. ಬೆಳಕು ಹಿಡಿಯುವುದು ಮಾತ್ರ ಬಲು ನಿಧಾನ. ದೇವಾಲಯವು ಎದ್ದು ಓಡುವುದಿಲ್ಲವಷ್ಟೆ. ಆ ಕೆಲಸಕ್ಕೆ ಅದೇ ತಕ್ಕ ಕರಣ.

ಹೊರೆಯು ಇಳಿದುದು ಮುಂದಿನ ಶತಮಾನದಲ್ಲಿ. ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಸಂಸ್ಥೆಯಲ್ಲಿ ಆಸ್ಕರ್ ಬಾರ್ನಾಕನೆಂಬ ಯಂತ್ರಶಿಲ್ಪಿಯು ಸಿನಿಮಾ ಫಿಲ್ಮನ್ನು ಉಪಯೋಗಿಸುವ ಪುಟ್ಟ ಕ್ಯಾಮರಾ ಒಂದನ್ನು ರಚಿಸಿದನು. ೧೯೨೫ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಲೈಪ್ಜಿಗ್ ಜಾತ್ರೆಯಲ್ಲಿ ಬೆಳಕಿಗೆ ಬಂದಿತು. ಅಂಗಿಯ ಜೇಬಿನಲ್ಲಿ ಹಿಡಿಯುವ ಗಾತ್ರ. ಒಂದು ಸುರುಳಿಗೆ ೩೬ ಪಟಗಳು. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸಾನನು ಇದನ್ನು ಹಿಡಿದ ಮೇಲೆ ಬೇರೆಯದನ್ನು ಬಯಸಲೇ ಇಲ್ಲವೆನ್ನಬಹುದು. ೫೦ ಮಿಲಿಮೀಟರಿನ ಒಂದು ಮಸೂರ, ಹೊಳೆಯುವ ಭಾಗಗಳ ಮೇಲೆ ಕಪ್ಪು ಪಟ್ಟಿ. ಕೃತಕ ದೀಪವಂತೂ ಆತನಿಗೆ ಆಗದು. ೧೯೪೮ರ ಜನವರಿ ೩೦ರಂದು ದೆಹಲಿಯಲ್ಲಿ ಗಾಂಧೀಜಿಯವರನ್ನು ಅವರ ಹತ್ಯೆಗೆ ಕೆಲವೇ ಗಂಟೆಗಳ ಮುಂಚೆ ಕಂಡುಬಂದವನು, ಅನಂತರ ಆ ದುಃಖಸಾಗರದ ನಡುವೆ ನುಸುಳಿ ಪಟ ತೆಗೆದವನು ಇವನೇ. ಮೂರು ಕಾಲಿನ ಪೀಠವನ್ನು ನಿಲ್ಲಿಸಿ ಕಪ್ಪು ಬಟ್ಟೆ ಹೊದೆಯುವವನಿಗೆ ಆ ಜನಸಂದಣಿಯಲ್ಲಿ ಏನು ತಾನೇ ಸಾಧ್ಯವಾಗುತ್ತಿದ್ದಿತು?

ಆದರೆ ಹಗುರವಾದ ಕರಣದಿಂದ ಕೆಲಸವೂ ಹಗುರವಾಯಿತೆಂದು ತಿಳಿಯಬಾರದು. ಹೊರೆಯು ಹೆಗಲಿನಿಂದ ಮೇಜಿಗೆ ಬಂದಿತು, ಅಷ್ಟೆ. ಗಾಜಿನ ಕಾಲದಲ್ಲಿ ದಿನಕ್ಕೆ ಬೆರಳೆಣಿಕೆಯ ಪಟಗಳು. ಸುರುಳಿಯ ಕಾಲದಲ್ಲಿ ನೂರಾರು. ಈಗಿನ ಡಿಜಿಟಲ್ ಕ್ಯಾಮರಾದಲ್ಲಿ ಒಂದು ದಿನಕ್ಕೆ ಸಾವಿರವಾದರೂ ಅಚ್ಚರಿಯಿಲ್ಲ. ಅವನ್ನೆಲ್ಲ ನೋಡಬೇಕು, ತೂರಿ ಕಾಳನ್ನು ಬೇರ್ಪಡಿಸಬೇಕು, ಒಂದಕ್ಕೆ ಎರಡು ಪ್ರತಿಯಿಟ್ಟು ಕಾಪಾಡಬೇಕು. ಎಲ್ಲಕ್ಕಿಂತ ಬೇಸರದ ಕೆಲಸವೆಂದರೆ ಬರವಣಿಗೆ: ಇದು ಯಾರು, ಎಲ್ಲಿ, ಎಂದು, ಏನಾಗುತ್ತಿದ್ದಿತು. ನಮ್ಮ ಮನೆಗಳ ಗೋಡೆಯ ಮೇಲಿರುವ ಹಳೆಯ ಗುಂಪು ಪಟಗಳನ್ನು ನೋಡಿರಿ. ನಡುವೆ ಕುಳಿತಿರುವ ಅಜ್ಜನ ಹೆಸರು ಗೊತ್ತು. ಎಡಗಡೆಯ ಮೂಲೆಯಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸು ಯಾರೆಂದು ಹೇಳಬಲ್ಲ ಸೋದರತ್ತೆಯು ತೀರಿಕೊಂಡು ಹತ್ತು ವರ್ಷವಾಗಿರುತ್ತದೆ.

ಕರಣದ ಆಯ್ಕೆಯು ಬರಿಯ ಅನುಕೂಲದ ಮಾತಲ್ಲ, ಎದುರಿಗಿರುವ ಮನುಷ್ಯನ ಮಾನದ ಮಾತೂ ಹೌದೆಂಬುದಕ್ಕೆ ಅಮೆರಿಕದ ವಾಕರ್ ಎವನ್ಸನಲ್ಲಿ ಎರಡು ನಿದರ್ಶನಗಳಿವೆ. ೧೯೩೬ರ ಬೇಸಗೆಯಲ್ಲಿ ಆತನು ಜೇಮ್ಸ್ ಏಜಿಯೆಂಬ ಲೇಖಕನೊಡನೆ ಅಲಬಾಮಾ ಪ್ರಾಂತದ ಮೂರು ಬಡ ಗೇಣಿದಾರ ಕುಟುಂಬಗಳನ್ನು ಕಾಣಲು ಹೋದಾಗ ಎಂಟು ಅಂಗುಲ ಹತ್ತು ಅಂಗುಲದ ಹಾಳೆಯ ಭಾರೀ ಕ್ಯಾಮರಾವನ್ನು ಒಯ್ದಿದ್ದನು. ಅದರ ಮುಂದೆ ಯಾರೂ ಅರಿಯದೆ ಸಿಕ್ಕಿಬೀಳುವಂತಿಲ್ಲ. ನಿಲ್ಲಬೇಕು, ನೇರವಾಗಿ ನೋಡಬೇಕು, ಸಿದ್ಧರಾಗಬೇಕು. ಆ ರೈತರೂ ಅವರ ಹೆಂಡಿರೂ ನಮ್ಮನ್ನು ಇಂದಿಗೂ ಸರಿಸಮಾನರಾಗಿ ನೋಡುತ್ತಾರೆ. ಇದೇ ಎವನ್ಸನು ೧೯೩೮ರಿಂದ ೧೯೪೧ರ ವರೆಗೆ ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ ಕಾಂಟ್ಯಾಕ್ಸ್ ಎಂಬ ಸಣ್ಣ ಕ್ಯಾಮರಾವನ್ನು ಕೋಟಿನೊಳಗೆ ಅಡಗಿಸಿ, ಗುಂಡಿಗಳ ನಡುವೆ ಮಸೂರವನ್ನು ಇಣುಕಿಸಿ, ತೋಳಿನೊಳಗೆ ತಂತಿಯನ್ನು ಹಾಯಿಸಿ, ಎದುರು ಕುಳಿತವರಿಗೆ ತಿಳಿಯದಂತೆ ಪಟಗಳನ್ನು ತೆಗೆದನು. ಮುಖವಾಡ ಕಳಚಿದ ದಣಿದ ಮುಖಗಳು. ಬೇರೆ ರೀತಿಯಿಂದ ದೊರೆಯುವಂತಹವಲ್ಲ. ಆದರೆ ಅವು ಪುಸ್ತಕವಾಗಿ ಹೊರಬಂದುದು ೧೯೬೬ರಲ್ಲಿ, ಇಪ್ಪತ್ತೈದು ವರ್ಷಗಳ ಮೇಲೆ. ಆ ವಿಳಂಬವೇ ಸರಿಯಾದುದೆಂದು ನಮ್ಮ ಅಭಿಪ್ರಾಯ. ಕದ್ದು ತಂದುದನ್ನು ಕೂಡಲೇ ಸಂತೆಗಿಡಬಾರದು.

ಈಗ ನಮ್ಮ ಮುಖ್ಯ ಕಥೆಗೆ ಬರೋಣ. ಡೊರೊತಿಯಾ ಲ್ಯಾಂಗ್ ಎಂಬಾಕೆಯು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಥಿತಿವಂತರ ಭಾವಚಿತ್ರಗಳನ್ನು ತೆಗೆದು ಜೀವಿಸುತ್ತಿದ್ದವಳು. ಏಳನೆಯ ವಯಸ್ಸಿನಲ್ಲಿ ಬಂದ ಪೋಲಿಯೋ ರೋಗದಿಂದ ಆಕೆಯ ಬಲಗಾಲು ಕುಂಟಾಗಿದ್ದಿತು. ೧೯೨೯ರ ಬಳಿಕ ಅಮೆರಿಕದಲ್ಲಿ ವ್ಯಾಪಾರವು ಕುಸಿದು ಕೆಲಸವಿಲ್ಲದ ಜನರು ಬೀದಿಯಲ್ಲಿ ತುಂಬಿದಾಗ, ಸ್ಟುಡಿಯೋದ ಕಿಟಕಿಯಿಂದ ಅದನ್ನು ನೋಡುತ್ತ ಕೂರಲಾರದೆ ಕ್ಯಾಮರಾವನ್ನು ಹಿಡಿದು ಹೊರಗಿಳಿದಳು. ೧೯೩೫ರಲ್ಲಿ ಸರಕಾರವು ದಿಕ್ಕುಗೆಟ್ಟ ರೈತರ ಪುನರ್ವಸತಿಗಾಗಿ ತೆರೆದ ಇಲಾಖೆಯಲ್ಲಿ ಆಕೆಗೆ ಕೆಲಸ ದೊರೆಯಿತು. ಎವನ್ಸನೂ ಅದೇ ಇಲಾಖೆಯವನೇ. ವಾಷಿಂಗ್ಟನ್ನಿನಲ್ಲಿ ಕುಳಿತು ಇವರನ್ನೆಲ್ಲ ನಡೆಸುತ್ತಿದ್ದವನು ರಾಯ್ ಸ್ಟ್ರೈಕರ್. ಈ ಇಲಾಖೆಯೂ ಮುಂದೆ ಅದರ ಕೆಲಸವನ್ನು ವಹಿಸಿಕೊಂಡ ಕಚೇರಿಯೂ ಕೂಡಿಹಾಕಿದ ಸುಮಾರು ೧,೭೫,೦೦೦ ನೆಗೆಟಿವುಗಳು ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ತನಗೆ ಒಪ್ಪಿಗೆಯಾಗದ ನೆಗೆಟಿವಿಗೆ ಸ್ಟ್ರೈಕರನು ತೂತು ಹೊಡೆಸುತ್ತಿದ್ದನಂತೂ ನಿಜ. ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೂ ಈ ಕ್ರೌರ್ಯವು ಅತಿಯೆಂದೇ ತೋರುತ್ತದೆ.

ಲ್ಯಾಂಗಳು ಹೆಚ್ಚಾಗಿ ಹಿಡಿಯುತ್ತಿದ್ದುದು ಗ್ರಾಫ್ಲೆಕ್ಸ್ ಎಂಬ ಪೆಟ್ಟಿಗೆಯಂತಹ ಕ್ಯಾಮರಾವನ್ನು. ಒಳಗಿನ ಕನ್ನಡಿಯೊಂದು ಬಿಂಬವನ್ನು ಮೇಲಕ್ಕೆ ತಿರುಗಿಸುತ್ತದೆ. ತೊಗಲಿನ ಗವುಸಿನೊಳಗೆ ತಲೆ ತಗ್ಗಿಸಿ ಅದನ್ನು ನೋಡಬೇಕು. ಎದುರಿನವರ ಮುಖಕ್ಕೆ ಕಣ್ಣು ನೆಟ್ಟು ಗುರಿಯಿಡುವ ಭಂಗಿಯಲ್ಲ, ಬಗ್ಗಿ ನಮಸ್ಕರಿಸುವಂತಹ ಭಂಗಿ. ಫಿಲ್ಮು ನಾಲ್ಕು ಅಂಗುಲ ಐದು ಅಂಗುಲದ ಬಿಡಿ ಹಾಳೆ; ಒಂದೊಂದನ್ನೂ ಕತ್ತಲೆಯಲ್ಲಿ ಕೈತಡವಿ ಚೌಕಟ್ಟಿಗೆ ಸೇರಿಸಬೇಕು. ಲೈಕಾ ಆಗಲೇ ಮಾರುಕಟ್ಟೆಯಲ್ಲಿದ್ದರೂ ಆಕೆಯು ಅದರ ಚುರುಕಿಗೆ ಮನಸೋಲಲಿಲ್ಲ. ಆಕೆಗೆ ಬೇಕಾಗಿದ್ದುದು ನಿಧಾನ. ಕುಂಟುತ್ತ ಡೇರೆಯ ಬಳಿಗೆ ಬಂದು, ಮಕ್ಕಳು ಕ್ಯಾಮರಾವನ್ನು ಮುಟ್ಟಿ ನೋಡಲು ಬಿಟ್ಟು, ದೊಡ್ಡವರೊಡನೆ ಮಾತನಾಡಿ, ಆಮೇಲೆ ಪಟ ತೆಗೆಯುವಳು. ಅವರಾಡಿದ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರಿಗೆ ಹಿಂದಿರುಗಿ ಟಿಪ್ಪಣಿ ಪುಸ್ತಕದಲ್ಲಿ ಬರೆಯುವಳು. ಕೂಲಿಯ ದರ, ಊರು, ಸಾಲ, ಮಕ್ಕಳೆಷ್ಟು, ಎಲ್ಲಿಂದ ಬಂದರು, ಎಲ್ಲವೂ ಅದರಲ್ಲಿ ಸೇರಬೇಕು. ಪತಿಯಾದ ಪಾಲ್ ಟೇಲರನು ಅರ್ಥಶಾಸ್ತ್ರದ ಅಧ್ಯಾಪಕ. ಇಬ್ಬರೂ ಸೇರಿ ೧೯೩೯ರಲ್ಲಿ ತಂದ ಪುಸ್ತಕದಲ್ಲಿ ಪಟಗಳ ಕೆಳಗೆ ಆ ಬಡವರ ಮಾತುಗಳೇ ಅಚ್ಚಾದುವು. ಪಟದಷ್ಟೇ ಬರವಣಿಗೆಯನ್ನೂ ನಂಬಿದ ಛಾಯಾಗ್ರಾಹಕರಲ್ಲಿ ಆಕೆಯು ಮೊದಲನೆಯ ಸಾಲಿನವಳು.

ಆದುದರಿಂದಲೇ ೧೯೩೬ರ ಮಾರ್ಚಿಯಲ್ಲಿ ನಡೆದುದು ನಮ್ಮನ್ನು ಕಾಡುತ್ತದೆ. ಒಂದು ತಿಂಗಳ ಸಂಚಾರ ಮುಗಿದಿದ್ದಿತು. ಒಬ್ಬಳೇ ಕಾರನ್ನು ನಡೆಸಿಕೊಂಡು ಮಳೆಯಲ್ಲಿ ಮನೆಗೆ ಹಿಂದಿರುಗುತ್ತಿದ್ದಳು. ಮುಗಿದ ಫಿಲ್ಮುಗಳೆಲ್ಲ ಕಟ್ಟಿ ಪಕ್ಕದಲ್ಲಿದ್ದುವು. ಇನ್ನೂ ಏಳು ಗಂಟೆಗಳ ದಾರಿ. ಕ್ಯಾಲಿಫೋರ್ನಿಯಾದ ನಿಪೋಮೋ ಎಂಬ ಊರಿನ ಬಳಿ ಬಟಾಣಿ ಬಿಡಿಸುವ ಕೂಲಿಗಳ ಶಿಬಿರವೆಂದು ಬರೆದ ಹಲಗೆಯನ್ನು ಕಂಡೂ ಕಾಣದಂತೆ ಮುಂದೆ ಹೋದಳು. ಇಪ್ಪತ್ತು ಮೈಲಿ ಹೋಗುವ ತನಕ ಮನಸ್ಸಿನೊಡನೆ ವಾದವಾಯಿತಂತೆ. ಕೊನೆಗೆ ಕಾರನ್ನು ತಿರುಗಿಸಿದಳು. ಬೆಳೆಯು ಹಿಮಕ್ಕೆ ಸಿಕ್ಕಿ ಹಾಳಾಗಿ ಕೆಲಸವಿಲ್ಲದೆ ಕುಳಿತಿದ್ದ ಜನರ ನಡುವೆ, ಒಂದು ಹರಕು ಡೇರೆಯ ಕೆಳಗೆ, ಮಕ್ಕಳನ್ನು ಸುತ್ತ ಕೂರಿಸಿಕೊಂಡಿದ್ದ ಒಬ್ಬ ತಾಯಿ. ಹತ್ತಿರ ಹತ್ತಿರಕ್ಕೆ ಸರಿಯುತ್ತ ಐದು ಪಟಗಳನ್ನು ತೆಗೆದುದಾಗಿ ಲ್ಯಾಂಗಳೇ ೧೯೬೦ರಲ್ಲಿ ಬರೆದಳು. ವಯಸ್ಸು ಮೂವತ್ತೆರಡೆಂದು ತಿಳಿಯಿತು. ಹೆಸರನ್ನು ಕೇಳಲಿಲ್ಲವೆಂದೂ ಆಕೆಯೇ ಬರೆದಿದ್ದಾಳೆ.

ಅವುಗಳಲ್ಲೊಂದು ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧವಾದ ಪಟಗಳಲ್ಲಿ ಸೇರಿತು. ಕೆನ್ನೆಗೆ ಕೈಯಾನಿಸಿ ದೂರಕ್ಕೆ ನೋಡುವ ತಾಯಿ, ಆಕೆಯ ಹೆಗಲಿನಲ್ಲಿ ಮುಖ ಮರೆಸಿದ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. ವಾಚಕರಲ್ಲಿ ಅನೇಕರು ಕಂಡಿರಬಹುದು. ವಾರವೊಂದರೊಳಗೆ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಸುದ್ದಿಯಾಗಿ, ಸರಕಾರವು ಶಿಬಿರಕ್ಕೆ ೨೦,೦೦೦ ಪೌಂಡು ಆಹಾರವನ್ನು ಕಳುಹಿಸಿತು. ಅಷ್ಟರಲ್ಲಿ ಆ ಕುಟುಂಬವು ಬೇರೆಡೆಗೆ ಕೂಲಿ ಹುಡುಕಿಕೊಂಡು ಹೊರಟುಹೋಗಿದ್ದಿತು.

ಹೆಸರು ಲೋಕಕ್ಕೆ ತಿಳಿದುದು ೧೯೭೮ರಲ್ಲಿ, ಆಕೆಗೆ ಎಪ್ಪತ್ತೈದು ವರ್ಷವಾದಾಗ. ಫ್ಲಾರೆನ್ಸ್ ತಾಂಪ್ಸನ್, ಓಕ್ಲಹೋಮಾದಲ್ಲಿ ಹುಟ್ಟಿದ ಚೆರೋಕೀ ಜನಾಂಗದವಳು. ಆಕೆಗೆ ಆ ಪಟದ ಮೇಲೆ ಸಿಟ್ಟಿದ್ದಿತು. ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ, ಪಟವನ್ನು ಮಾರುವುದಿಲ್ಲವೆಂದು ಹೇಳಿದ್ದಳು, ಪ್ರತಿಯೊಂದನ್ನು ಕಳುಹಿಸುವೆನೆಂದವಳು ಕಳುಹಿಸಲಿಲ್ಲ, ಹೆಸರನ್ನಂತೂ ಕೇಳಲೇ ಇಲ್ಲ ಎಂದು ದೂರಿದಳು. ಹೊಟ್ಟೆಗಿಲ್ಲದೆ ಕಾರಿನ ಚಕ್ರದ ಟೈರುಗಳನ್ನು ಮಾರಿಕೊಂಡಿದ್ದರೆಂದು ಲ್ಯಾಂಗಳು ಬರೆದಿದ್ದುದನ್ನು ಆಕೆಯ ಮಗನು ಅಲ್ಲಗಳೆದನು: ಮಾರುವುದಕ್ಕೆ ಬೇರೆ ಟೈರುಗಳೇ ಇರಲಿಲ್ಲ, ಇದ್ದುವು ಕಾರಿಗೇ ಬೇಕಾಗಿದ್ದುವು. ಲ್ಯಾಂಗಳು ೧೯೬೫ರಲ್ಲಿಯೇ ತೀರಿಕೊಂಡಿದ್ದುದರಿಂದ ಉತ್ತರ ಹೇಳುವವರಿರಲಿಲ್ಲ. ಸಂಬಳದ ನೌಕರಳಾದುದರಿಂದ ಆ ಪಟದ ಹಕ್ಕು ಆಕೆಯದೂ ಆಗಿರಲಿಲ್ಲ; ಅದು ಸಾರ್ವಜನಿಕ ಸ್ವತ್ತು. ಸುಳ್ಳು ಹೇಳುವ ಸ್ವಭಾವದವಳೆಂದು ನಾವು ಭಾವಿಸಲಾರೆವು. ಆ ಸಂಜೆ ಟಿಪ್ಪಣಿ ಪುಸ್ತಕವು ತೆರೆಯಲಿಲ್ಲ; ಇಪ್ಪತ್ತನಾಲ್ಕು ವರ್ಷಗಳ ಮೇಲೆ ಬರೆಯಕುಳಿತಾಗ ಬೇರೆ ಯಾವುದೋ ಡೇರೆಯ ಸಂಗತಿಯು ಈ ಡೇರೆಗೆ ಬಂದು ಸೇರಿದ್ದೀತು. ಗ್ರಾಫ್ಲೆಕ್ಸು ತನ್ನ ಪಾಲಿನದನ್ನು ನೆರವೇರಿಸಿದ್ದಿತು.

೧೯೮೩ರಲ್ಲಿ ಫ್ಲಾರೆನ್ಸಳು ಪಾರ್ಶ್ವವಾಯುವಿನಿಂದ ಮಲಗಿದಾಗ ಚಿಕಿತ್ಸೆಗೆ ಹಣವಿಲ್ಲದೆ ಮಕ್ಕಳು ಜನರಲ್ಲಿ ಬೇಡಿಕೊಂಡರು. ಪಟವನ್ನು ಕಂಡಿದ್ದವರು ದೇಶದ ಮೂಲೆಮೂಲೆಗಳಿಂದ ಹಣವನ್ನೂ ಕಾಗದಗಳನ್ನೂ ಕಳುಹಿಸಿದರು. ಮೂವತ್ತು ಸಾವಿರ ಡಾಲರಿಗೂ ಮೀರಿ ಕೂಡಿತು. ಆ ಕಾಗದಗಳನ್ನು ಓದಿದ ಮೇಲೆ ಪಟದ ಮೇಲಿದ್ದ ತಮ್ಮ ಬೇಸರವು ಕರಗಿತೆಂದು ಮಕ್ಕಳು ಹೇಳಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತಾಯಿಯು ತೀರಿಕೊಂಡಳು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಲ್ಲಿ ಆ ನೆಗೆಟಿವಿನ ಮೂಲ ಶೀರ್ಷಿಕೆಯು ಇಂದಿಗೂ ಹಾಗೆಯೇ ಇದೆ: ಬಟಾಣಿ ಬಿಡಿಸುವ ನಿರ್ಗತಿಕರೆಂದಿದೆ, ಏಳು ಮಕ್ಕಳ ತಾಯಿಯೆಂದಿದೆ, ವಯಸ್ಸಿದೆ, ಊರಿದೆ.