ಕೂಸಿನ ಮಾತಿಗೆ ಓಗೊಡೋಣ



ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ, ಟಿ. ನರಸೀಪುರ ತಾಲ್ಲೂಕಿನಲ್ಲಿ. ಅನ್ನದ ಜತೆ ಆಟ, ಮಾತು ಕಲಿಸುವುದೂ ಅದರ ಕೆಲಸ. ಆದರೆ ಟೀಚರು ಒಬ್ಬರೇ. ತೂಕ, ಆಹಾರ, ರಿಜಿಸ್ಟರು ಎಲ್ಲ ಅವರ ತಲೆಗೇ. ಮಾತಿಗೆ ಹೊತ್ತೆಲ್ಲಿ? ಮನೇಲಿ ಅವ್ವ ಅಪ್ಪ ಕೂಲಿಗೆ.

ರಜೆಗೆ ಊರಿಗೆ ಹೋಗುವ ಹಾಸ್ಟೆಲಿನ ನಾವಿದ್ದೀವಲ್ಲ! ಕೂಸು 'ಊವ' ಅಂದರೆ 'ಊಂ, ಕೆಂಪು ಊವ, ಯಾರು ಕೊಟ್ರು?' ಅಂತ ಕೇಳೋಣ. ಉತ್ತರ ಬರೋತನಕ ಕಾಯೋಣ. ಮಾತು ಬೆಳೆಯೋದೇ ಹಿಂಗೆ, ಕೊಟ್ಟು ತಗೊಂಡು. 'ಹೂವು ಅನ್ನು' ಅಂತ ಗದರೋದು ಬೇಡ. ಕೇರಿಯ ಕನ್ನಡವೂ ಕನ್ನಡವೇ. ಕಣ್ಣಾಮುಚ್ಚಾಲೆ, ಒಗಟು, ಅಜ್ಜಿ ಕತೆ, ಇವಕ್ಕೆ ಕಾಸು ಬೇಡ.

ಮೂರು ವರ್ಷಕ್ಕೇ ಬಾಯಿ ಮುಚ್ಚಿಸಿಕೊಂಡ ಕೂಸು ಮೂವತ್ತಕ್ಕೆ ತನ್ನ ಕೂಲಿಯನ್ನು ಹೇಗೆ ಕೇಳೀತು?