ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೋಟಾರು ವಾಹನದ ಅಂಗಗಳಲ್ಲೆಲ್ಲ ಅತ್ಯಲ್ಪ ಕಾಲ ದುಡಿಯುವುದು ಯಾವುದೆಂದು ಕೇಳಿದರೆ, ಹಳ್ಳಿಯ ಚಾಲಕನೂ ತಡವರಿಸದೆ ‘ಸೆಲ್ಫು’ ಎಂದಾನು. ಗ್ರಂಥಗಳಲ್ಲಿ ಅದರ ಹೆಸರು ಸ್ಟಾರ್ಟರ್ ಮೋಟಾರು. ಬೀಗದ ಕೈ ತಿರುಗಿದೊಡನೆ ಎರಡು ಮೂರು ಕ್ಷಣ ಮೈಮುರಿದು ದುಡಿದು, ಎಂಜಿನ್ನು ತನ್ನ ಉಸಿರನ್ನು ತಾನೇ ಆಡತೊಡಗಿದ ಕೂಡಲೆ ಹಿಂದೆ ಸರಿದು ನಿಲ್ಲುವುದು ಅದರ ಧರ್ಮ. ಆ ಬಳಿಕ ನೂರು ಮೈಲಿ ಪಯಣಿಸಿದರೂ ಅದರ ನೆನಪು ಯಾರಿಗೂ ಬಾರದು.

ಆದರೆ ಅದು ಮುಷ್ಕರ ಹೂಡಿದ ದಿನ? ಕೋಲಾರದ ಕಡೆಯ ಬೇಸಾಯಗಾರನು ಟೊಮೇಟೊ ಬಾಕ್ಸುಗಳನ್ನು ಪಿಕಪ್ ಗಾಡಿಗೆ ಏರಿಸಿ, ನಸುಕಿನಲ್ಲಿ ಮಾರುಕಟ್ಟೆಗೆ ಹೊರಡಬೇಕೆಂದು ಬೀಗದ ಕೈ ತಿರುಗಿಸುತ್ತಾನೆ. ‘ಟಕ್’ ಎಂಬ ಒಂದು ಸದ್ದು, ಮತ್ತೆ ಮೌನ. ಹರಾಜಿನ ಹೊತ್ತು ಯಾರಿಗಾಗಿಯೂ ಕಾಯದು, ಹಣ್ಣೂ ಕಾಯದು. ಬರಿದಾದ ಗಾಡಿಯಾದರೆ ನಾಲ್ವರು ನೂಕಿ, ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟು ಹೊರಡಿಸಬಹುದು. ಹೇರು ತುಂಬಿದ ಗಾಡಿ ನೂಕಿದರೆ ಕದಲುವುದುಂಟೆ? ಆಗ ಮನೆಯಂಗಳದಲ್ಲಿ ಸೇರಿದವರೆಲ್ಲರೂ ಒಮ್ಮತದಿಂದ ನೀಡುವ ತೀರ್ಪು ಒಂದೇ: ‘ಸೆಲ್ಫು ಹೋಯಿತು, ಹೊಸದು ತಂದು ಹಾಕು.’ ಈ ತೀರ್ಪು ಸರಿಯಾಗಿರುವುದೂ ಉಂಟು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವುದೂ ಉಂಟು.

ಈ ಸೇವಕನು ಬರುವುದಕ್ಕೆ ಮುಂಚಿನ ಕಾಲವನ್ನು ನೆನೆದರೆ ಇವನ ಬೆಲೆ ತಿಳಿದೀತು. ಆಗ ಎಂಜಿನ್ನನ್ನು ಎಬ್ಬಿಸುತ್ತಿದ್ದುದು ಮನುಷ್ಯನ ತೋಳು. ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲು ಸಿಕ್ಕಿಸಿ, ಬಲವೆಲ್ಲ ಬಿಟ್ಟು ತಿರುಗಿಸಬೇಕಾಗಿತ್ತು. ಕಿಡಿಯ ಸಮಯವನ್ನು ತಡವಾಗಿಸಲು ಮರೆತರೆ ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು. ಆ ಒದೆತಕ್ಕೆ ಮುರಿದ ಮಣಿಕಟ್ಟುಗಳಿಗೆ ಲೆಕ್ಕವಿಲ್ಲ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಿಸಿಕೊಳ್ಳಬೇಕೆಂಬುದು ಹಳೆಯ ಲಾರಿ ಚಾಲಕರು ಶಿಷ್ಯರಿಗೆ ಕಲಿಸುತ್ತಿದ್ದ ಮೊದಲ ಪಾಠ.

ಈ ಕಷ್ಟಕ್ಕೆ ಪರಿಹಾರ ಕಂಡವನು ಅಮೆರಿಕದ ಓಹಾಯೋ ಪ್ರಾಂತದ ಚಾರ್ಲ್ಸ್ ಕೆಟರಿಂಗ್. ಎಂಜಿನ್ನನ್ನು ತಿರುಗಿಸಬಲ್ಲ ವಿದ್ಯುತ್ ಮೋಟಾರನ್ನು ಕಾರಿನೊಳಗೆ ಇಡುವುದು ಅಸಾಧ್ಯ, ಅದು ಅಷ್ಟು ದೊಡ್ಡದಾಗಬೇಕಾದೀತು ಎಂಬುದು ಅಂದಿನ ಪಂಡಿತರ ಮತ. ಕೆಟರಿಂಗ್ ಅದಕ್ಕೆ ಮುನ್ನ ಅಂಗಡಿಗಳ ಹಣ ಎಣಿಸುವ ಯಂತ್ರಕ್ಕೆ ಪುಟ್ಟ ಮೋಟಾರನ್ನು ಅಳವಡಿಸಿದ್ದವನು. ಆ ಮೋಟಾರು ದಿನವೆಲ್ಲ ಓಡಬೇಕಾಗಿರಲಿಲ್ಲ. ಗಲ್ಲೆಯ ಪೆಟ್ಟಿಗೆ ತೆರೆಯುವ ಕ್ಷಣದಲ್ಲಿ ಮಾತ್ರ ಬಲ ತೋರಿದರೆ ಸಾಕಾಗಿತ್ತು. ಕಾರಿಗೆ ಬೇಕಾದುದೂ ಅದೇ ಅಲ್ಲವೆ? ನಿರಂತರ ದುಡಿದರೆ ಸುಟ್ಟುಹೋಗುವ ಸಣ್ಣ ಮೋಟಾರು, ಕೆಲವೇ ಕ್ಷಣ ದುಡಿಯುವುದಾದರೆ ಮೈಮೀರಿದ ಭಾರವನ್ನು ಹೊರಬಲ್ಲದು. ಈ ಸೂಕ್ಷ್ಮವನ್ನು ಹಿಡಿದು ಅವನು ನಿರ್ಮಿಸಿದ ಸಾಧನವು 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. 1915ರಲ್ಲಿ ಅವನಿಗೆ ಹಕ್ಕುಪತ್ರವೂ ದೊರೆಯಿತು.

ಆ ಸೂಕ್ಷ್ಮವು ಇಂದಿಗೂ ಮಾಲೀಕನಿಗೆ ಎಚ್ಚರಿಕೆಯ ಮಾತಾಗಿದೆ. ಎಂಜಿನ್ನು ಹಿಡಿಯಲಿಲ್ಲವೆಂದು ಬೀಗದ ಕೈಯನ್ನು ಬಿಡದೆ ತಿರುಗಿಸಿ ಹಿಡಿಯುವವನು ಸೆಲ್ಫಿನ ಆಯುಷ್ಯವನ್ನು ತಾನೇ ಕಡಿಯುತ್ತಾನೆ. ಹತ್ತು ಕ್ಷಣಕ್ಕೆ ಮೀರದಂತೆ ತಿರುಗಿಸಿ, ಒಂದೆರಡು ನಿಮಿಷ ಆರಲು ಬಿಟ್ಟು, ಮತ್ತೆ ಯತ್ನಿಸುವುದು ಕ್ರಮ. ಮನೆಯ 60 ವ್ಯಾಟಿನ ದೀಪವು ಎಳೆಯುವುದು ಸುಮಾರು ಕಾಲು ಆಂಪಿಯರ್ ವಿದ್ಯುತ್ತನ್ನು. ಡೀಸೆಲ್ ಪಿಕಪ್ಪಿನ ಸೆಲ್ಫು ಎಳೆಯುವುದು 200 ಆಂಪಿಯರನ್ನೂ ಮೀರಿ. ಅಷ್ಟು ಪ್ರವಾಹವು ಬ್ಯಾಟರಿಯಿಂದ ಹೊರಟು, ದಪ್ಪ ಕೇಬಲಿನಲ್ಲಿ ಹರಿದು, ಸೆಲ್ಫನ್ನು ಹೊಕ್ಕು, ಎಂಜಿನ್ನಿನ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಈ ದಾರಿಯಲ್ಲಿ ಎಲ್ಲಿ ತುಕ್ಕು ಕಟ್ಟಿದರೂ, ಎಲ್ಲಿ ನಟ್ಟು ಸಡಿಲಾದರೂ ಸೆಲ್ಫು ಉಪವಾಸ ಬೀಳುತ್ತದೆ. ಹಸಿದವನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ.

ಹೀಗಿರುವುದರಿಂದ ಸ್ಪ್ಯಾನರು ಹಿಡಿಯುವ ಮುನ್ನ ವಿಚಾರಣೆ ನಡೆಯತಕ್ಕದ್ದು. ಬ್ಯಾಟರಿಯ ತಲೆಗಳ ಮೇಲೆ ಬಿಳಿ-ಹಸಿರು ಬಣ್ಣದ ಹುಡಿ ಕಟ್ಟಿದ್ದರೆ ಕೆರೆದು ಶುಚಿಮಾಡಿ, ಬಿಗಿದು ನೋಡಬೇಕು. ಅನಂತರ ಹೆಡ್‌ಲೈಟು ಹೊತ್ತಿಸಿ ಬೀಗದ ಕೈ ತಿರುಗಿಸಬೇಕು. ದೀಪ ಕಂದಿ ಆರಿದಂತಾದರೆ ಮೊದಲ ಸಂಶಯ ಬ್ಯಾಟರಿಯ ಮೇಲೆ, ಇಲ್ಲವೆ ಅದರ ಸಂಪರ್ಕದ ಮೇಲೆ. ದೀಪ ಉಜ್ವಲವಾಗಿಯೇ ಉಳಿದು ಸದ್ದೇ ಬಾರದಿದ್ದರೆ ಫ್ಯೂಸು, ರಿಲೇ, ಬೀಗದ ಸ್ವಿಚ್ಚು ಮತ್ತು ಸಣ್ಣ ತಂತಿಗಳನ್ನು ನೋಡಬೇಕು. ‘ಟಕಟಕ’ ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿ ಸೊರಗಿದೆ. ಪೂರ್ಣ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟು ತೋರಿಸತಕ್ಕದ್ದು.

ಬ್ಯಾಟರಿಯೂ ಕೇಬಲೂ ನಿರ್ದೋಷಿಗಳೆಂದು ಸಿದ್ಧವಾದ ಬಳಿಕವೂ ಒಂದೇ ಒಂದು ‘ಟಕ್’ ಕೇಳಿಬಂದರೆ ಸೆಲ್ಫಿನ ಮೇಲಣ ಆರೋಪಕ್ಕೆ ಬಲ ಬರುತ್ತದೆ. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಒಬ್ಬನು ಬೀಗದ ಕೈ ತಿರುಗಿಸುತ್ತಿರಲು ಮತ್ತೊಬ್ಬನು ಮರದ ತುಂಡಿನಿಂದ ಸೆಲ್ಫಿನ ಮೈಯನ್ನು ಮೆಲ್ಲಗೆ ತಟ್ಟಿದಾಗ ಅದು ಎಚ್ಚೆತ್ತರೆ, ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದಿರುವ ಸಂಭವ ಹೆಚ್ಚು. ಇದು ಒಂದೆರಡು ದಿನ ನಡೆಯುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ಸೆಲ್ಫು ‘ಗುಯ್’ ಎಂದು ತಿರುಗಿದರೂ ಎಂಜಿನ್ನು ಅಲುಗದಿದ್ದರೆ ದೋಷವು ಅದರ ಮುಂದಿನ ಪುಟ್ಟ ಹಲ್ಲುಚಕ್ರದ್ದು.

ಆರೋಪ ರುಜುವಾತಾಯಿತೆನ್ನೋಣ. ಬದಲಿಸುವ ಕೆಲಸವು ಮನೆಯಲ್ಲಿಯೇ ಆಗತಕ್ಕದ್ದು. ಕೈಚಳಕಕ್ಕಿಂತ ಕ್ರಮ ಮುಖ್ಯ. ಗಾಡಿಯ ಹೇರನ್ನು ಇಳಿಸಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಎಂಜಿನ್ನೂ ಹೊಗೆಕೊಳವೆಯೂ ಆರುವವರೆಗೆ ತಾಳ್ಮೆ ಬೇಕು. ಆಮೇಲೆ ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಇದೇಕೆ ಮೊದಲು? ಗಾಡಿಯ ಲೋಹದ ಮೈಯೆಲ್ಲವೂ ಋಣದೊಡನೆ ಬೆಸೆದಿದೆ. ಧನದ ನಟ್ಟನ್ನು ಬಿಚ್ಚುವಾಗ ಸ್ಪ್ಯಾನರು ಮೈಗೆ ತಗುಲಿದರೆ ಮಿಂಚು ಸಿಡಿದು ಕೈ ಸುಡುತ್ತದೆ, ಬ್ಯಾಟರಿಯೇ ಸಿಡಿಯಲೂಬಹುದು. ಋಣವನ್ನು ಮೊದಲು ಕಳಚಿದರೆ ಈ ಅಪಾಯವಿಲ್ಲ.

ಅಡಿಯಲ್ಲಿ ನುಸುಳಬೇಕಾದರೆ ಜಾಕೊಂದನ್ನೇ ನಂಬತಕ್ಕದ್ದಲ್ಲ. ಜಾಕು ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕಲ್ಲ. ಭಾರ ತಡೆಯಬಲ್ಲ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಡಿಯನ್ನು ಅಲುಗಿಸಿ ನೋಡಿಯೇ ಒಳಗೆ ಹೋಗಬೇಕು. ಇಟ್ಟಿಗೆ ಒಡೆಯುತ್ತದೆ, ಸಾಲ ಮಾಡಿ ಕೊಂಡ ಗಾಡಿಗಿಂತ ಅದರಡಿಯಲ್ಲಿ ಮಲಗಿದವನು ದೊಡ್ಡವನು. ಸ್ಟ್ಯಾಂಡು ಇಲ್ಲದಿದ್ದಲ್ಲಿ ಮೇಸ್ತ್ರಿಯನ್ನು ಕರೆಯುವುದೇ ಜಾಣತನ.

ಎಂಜಿನ್ನೂ ಗೇರುಪೆಟ್ಟಿಗೆಯೂ ಕೂಡುವೆಡೆಯಲ್ಲಿ ಸೆಲ್ಫು ಅಂಟಿಕೊಂಡಿರುತ್ತದೆ. ತಂತಿಗಳನ್ನು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಗೊಂದಲವಾಗದು. ದಪ್ಪ ಕೇಬಲೊಂದು, ಸಣ್ಣ ತಂತಿಯೊಂದು, ಎರಡೋ ಮೂರೋ ಬೋಲ್ಟು. ಬಿಡಿಸಬೇಕಾದುದು ಸಾಮಾನ್ಯವಾಗಿ ಇಷ್ಟೆ. ಕಡೆಯ ಬೋಲ್ಟು ಸಡಿಲುವಾಗ ಮತ್ತೊಂದು ಕೈ ಸೆಲ್ಫಿಗೆ ಆಸರೆಯಾಗಿರಬೇಕು, ಏಕೆಂದರೆ ಗಾತ್ರ ಕಂಡು ಊಹಿಸಿದುದಕ್ಕಿಂತ ಅದು ಭಾರ. ನಡುವೆ ತೆಳುವಾದ ತಗಡುಗಳು ದೊರೆತರೆ ಎಸೆಯದೆ ಜೋಪಾನ ಮಾಡಬೇಕು. ಹಲ್ಲುಗಳ ನಡುವಣ ಅಂತರವನ್ನು ಸರಿದೂಗಿಸುವುವು ಅವೇ.

ಹಳೆಯದು ಕೈಗೆ ಬಂದ ಮೇಲೂ ಅವಸರ ಸಲ್ಲದು. ಊರಿನ ಆಟೋ ಎಲೆಕ್ಟ್ರಿಷಿಯನ್ ಅದನ್ನು ಬ್ಯಾಟರಿಗೆ ಜೋಡಿಸಿ ಪರೀಕ್ಷಿಸಿಯಾನು. ಕಾರ್ಬನ್ ಬ್ರಷ್ಷೋ ಬುಷ್ಷೋ ಬದಲಿಸಿದರೆ ಸಾಕೆಂದಾದರೆ ಹೊಸದರ ಖರ್ಚು ಉಳಿಯಿತು. ಹೊಸದನ್ನೇ ತಂದರೆ ಎರಡನ್ನೂ ಪಕ್ಕದಲ್ಲಿಟ್ಟು ಹಲ್ಲುಗಳ ಸಂಖ್ಯೆ, ಬೋಲ್ಟಿನ ರಂಧ್ರ, ತಂತಿಯ ತುದಿಗಳನ್ನು ತಾಳೆ ನೋಡತಕ್ಕದ್ದು. ತೆರೆದ ರಂಧ್ರದಿಂದ ಎಂಜಿನ್ನಿನ ದೊಡ್ಡ ಹಲ್ಲುಚಕ್ರವನ್ನೂ ನೋಡಬೇಕು. ಅಲ್ಲಿ ಹಲ್ಲು ಮುರಿದಿದ್ದರೆ ಹೊಸ ಸೆಲ್ಫಿಗೂ ಅದೇ ಗತಿ.

ಕೂರಿಸುವೆಡೆಯ ತುಕ್ಕು ಜಿಡ್ಡುಗಳನ್ನು ಒರೆಸಿ ಲೋಹ ಹೊಳೆಯುವಂತೆ ಮಾಡಬೇಕು. ಪ್ರವಾಹವು ಹಿಂದಿರುಗುವ ದಾರಿ ಅದೇ ಎಂಬುದನ್ನು ಮರೆಯಬಾರದು. ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಎಲ್ಲವೂ ಹಿಡಿದ ಮೇಲೆ ಬಿಗಿಯಬೇಕು. ತಂತಿಗಳನ್ನು ಜೋಡಿಸಿ, ಕಟ್ಟಕಡೆಗೆ ಋಣವನ್ನು ಕೂಡಿಸಬೇಕು. ಬಿಚ್ಚುವಾಗ ಮೊದಲನೆಯದು ಕಟ್ಟುವಾಗ ಕೊನೆಯದು.

ಇಷ್ಟಾದ ಮೇಲೆ ಬೀಗದ ಕೈ ತಿರುಗಿಸಿದಾಗ ಏಳುವ ಆ ಎರಡು ಕ್ಷಣದ ಗುಡುಗು ಮನೆಮಂದಿಗೆಲ್ಲ ಸಂತೋಷದ ಸದ್ದು. ಉಳಿಯುವುದು ಮೇಸ್ತ್ರಿಯ ಕೂಲಿ ಮಾತ್ರವಲ್ಲ. ಯಾರು ತಪ್ಪಿತಸ್ಥರೆಂದು ಕೂಗುವ ಮುನ್ನ ದೀಪ ಹೊತ್ತಿಸಿ ನೋಡಬೇಕೆಂಬ ಅಭ್ಯಾಸವೂ ಉಳಿಯುತ್ತದೆ. ಮೌನವಾಗಿ ದುಡಿಯುವವನು ಒಂದು ದಿನ ಏಳದೆ ಹೋದರೆ, ಅವನಿಗೆ ಅನ್ನ ಮುಟ್ಟಿತೆ ಎಂದು ಮೊದಲು ವಿಚಾರಿಸುವುದು ಗಾಡಿಯ ವಿಷಯದಲ್ಲಿ ಮಾತ್ರ ಸಲ್ಲುವ ನೀತಿಯಲ್ಲ.