ಗಂಜಿತಿಳಿಯಲ್ಲಿ ಮೈ ತುಂಬದು

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ನೀರು ಕೂಡ ಬೇಕಿಲ್ಲ. ಆ ಮೇಲೆ ಹಾಲೊಂದೇ ಸಾಲದು. ಹುಟ್ಟುವಾಗ ತಾಯಿಯಿಂದ ಪಡೆದು ತಂದ ಕಬ್ಬಿಣಾಂಶ ಅಷ್ಟು ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. ಎದೆಹಾಲಿನಲ್ಲಿ ಅದು ಕಡಿಮೆ. ಆದ್ದರಿಂದ ಎದೆಹಾಲಿನ ಜೊತೆಗೆ ಮೇಲಿನ ಆಹಾರವೂ ಆರಂಭವಾಗಬೇಕು.

ಹಲವು ಮನೆಗಳಲ್ಲಿ ತಪ್ಪಾಗುವುದು ಇಲ್ಲಿಯೇ. ಮಗುವಿಗೆ ಅರಗದೇನೋ ಎಂಬ ಅಂಜಿಕೆಯಿಂದ ಬೇಳೆಕಟ್ಟು, ಗಂಜಿತಿಳಿ ಕುಡಿಸುತ್ತಾರೆ. ಕೂಸಿನ ಹೊಟ್ಟೆ ಹಿಡಿಸುವುದು ಒಂದು ಲೋಟದಷ್ಟು ಮಾತ್ರ. ಅದು ನೀರಿನಿಂದಲೇ ತುಂಬಿದರೆ ಮಗುವಿನ ಅಳು ನಿಲ್ಲುತ್ತದೆ, ತೂಕ ಏರುವುದಿಲ್ಲ.

ಹಾಗಾದರೆ ಹಿಟ್ಟನ್ನೇ ಹೆಚ್ಚು ಹಾಕಿದರಾಗದೆ? ರಾಗಿ ಹಿಟ್ಟು ಬೇಯುವಾಗ ಅದರ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ಮಗು ನುಂಗಲಾರದು. ಇದಕ್ಕೆ ಉತ್ತರ ಅಜ್ಜಿಯರ ರಾಗಿ ಸರಿಯಲ್ಲಿದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು ವಾಡಿಕೆ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚಿ ಪಿಷ್ಟವನ್ನು ತುಂಡರಿಸುತ್ತದೆ. ಹೀಗಾಗಿ ಹಿಟ್ಟು ಹೆಚ್ಚಿದ್ದರೂ ಸರಿ ಅಂಟಾಗದೆ ಮೆತ್ತಗಿರುತ್ತದೆ. ಕಾಳು ಕಪ್ಪಾಗುವಂತೆ ಹುರಿದರೆ ಕಿಣ್ವ ನಾಶವಾಗುತ್ತದೆ. ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಿಂದ ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ಬಲು ಕಡಿಮೆ.

ವಿಜ್ಞಾನ ಓದುವ ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಸಿ ರಾಗಿಯ ಹಿಟ್ಟು, ಮೊಳಕೆ ರಾಗಿಯ ಹಿಟ್ಟು ಎರಡನ್ನೂ ಒಂದೇ ಅಳತೆಯ ನೀರಿನಲ್ಲಿ, ದೊಡ್ಡವರ ಎದುರಿನಲ್ಲಿ, ಸಣ್ಣ ಉರಿಯಲ್ಲಿ ಬೇಯಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೊದಲು ಎರಡು ಮೂರು ಚಮಚ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 6ರಿಂದ 8 ತಿಂಗಳವರೆಗೆ ದಿನಕ್ಕೆ 2-3 ಸಲ, ಆ ಬಳಿಕ 3-4 ಸಲ ಉಣಿಸಬೇಕು. ರಾಗಿಯೊಂದನ್ನೇ ನೆಚ್ಚದೆ ಬೆಂದ ಬೇಳೆ, ಸೊಪ್ಪು, ಹಣ್ಣು, ಒಗ್ಗುವ ಮನೆಗಳಲ್ಲಿ ಮೊಟ್ಟೆ, ಒಂದೊಂದಾಗಿ ಸೇರಿಸಬೇಕು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವಂತೂ ಕೂಡದು, ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಕೂಸಿನ ಜೀವಕ್ಕೇ ಅಪಾಯ. ಎದೆಹಾಲು ಎರಡು ವರ್ಷದವರೆಗೂ ಮುಂದುವರಿಯಲಿ.

ಹದ ತಿಳಿಯಲು ಸುಲಭ ದಾರಿಯಿದೆ. ಚಮಚವನ್ನು ಓರೆ ಮಾಡಿದಾಗ ಸರಿ ನೀರಿನಂತೆ ಹರಿದುಹೋದರೆ, ಅದಕ್ಕೆ ಇನ್ನಷ್ಟು ಹಿಟ್ಟು ಬೇಕು.